ಪಾತ್ರಕ್ಕೆ ಗಂಟಲೋ, ಗಂಟೋ?

ನಗರದ ಹವ್ಯಾಸಿ ತಂಡಗಳಲ್ಲಿ ನಟರನ್ನು ಆಯ್ಕೆ ಮಾಡುವಾಗ ಸಾಮಾನ್ಯವಾಗಿ ಮಾತು ಓದಿಸುತ್ತಾರೆ, ನಡಿಗೆ ನೋಡುತ್ತಾರೆ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕಕ್ಕೆ ಆಯ್ಕೆ ಆರಂಭವಾಗುವುದೇ ಹಾರ್ಮೋನಿಯಂ ಮುಂದೆ. ಮೇಷ್ಟ್ರು ಶ್ರುತಿ ಹಿಡಿಯುತ್ತಾರೆ. ಎದುರು ಕುಳಿತವರು ಅದಕ್ಕೆ ದನಿ ಕೂಡಿಸಬೇಕು. ಈ ಪರೀಕ್ಷೆಯ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ಪಾತ್ರಕ್ಕೆ ಎಷ್ಟು ಹಣ ಹಾಕುತ್ತೀರಿ? ಗಂಟಲು ಮತ್ತು ಗಂಟು ಎಂಬ ಈ ಎರಡು ಪರೀಕ್ಷೆಗಳ ನಡುವೆ ಕನ್ನಡ ಸಂಗೀತ ನಾಟಕದ ದೊಡ್ಡದೊಂದು ಚರಿತ್ರೆಯೇ ಅಡಗಿದೆ.

ಮೊದಲ ಪರೀಕ್ಷೆಯನ್ನು ರೂಢಿಗೆ ತಂದದ್ದು ವೃತ್ತಿ ನಾಟಕ ಕಂಪನಿಗಳು. ಧ್ವನಿವರ್ಧಕ ಇನ್ನೂ ಬಾರದಿದ್ದ ಆ ದಿನಗಳಲ್ಲಿ ಕೊನೆಯ ಸಾಲಿನಲ್ಲಿ ಕುಳಿತವರಿಗೂ ಹಾಡು ಕೇಳಬೇಕಿತ್ತು. ಪ್ರೇಕ್ಷಕರು ‘ಒನ್ಸ್ ಮೋರ್’ ಎಂದರೆ ಸತ್ತು ಬಿದ್ದ ಪಾತ್ರಧಾರಿಯೂ ಎದ್ದು ಮತ್ತೆ ಹಾಡಬೇಕಾಗುತ್ತಿತ್ತು. ಹೀಗಾಗಿ ರೂಪ, ಅಭಿನಯ, ಮಾತು ಎಲ್ಲಕ್ಕಿಂತ ಮುಂದೆ ನಿಂತದ್ದು ಕಂಠ. ರತ್ನಾವಳಿ ಕಂಪನಿಯ ಎ.ವಿ. ವರದಾಚಾರ್ಯರು ನಾಡಿನಲ್ಲಿ ಮನೆಮಾತಾದದ್ದು ಅಭಿನಯದಿಂದ ಹೇಗೋ ಹಾಗೆ ಗಾಯನದಿಂದಲೂ.

ಕಂಪನಿಗಳಿಗೆ ಚಿಕ್ಕ ಹುಡುಗರ ದನಿ ಬೇಕಾಗಿತ್ತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು ಮುಂದೆ ನಾಡಿನಾದ್ಯಂತ ಬೆಳಗಿಸಿದ ಜಿ.ಎಚ್. ವೀರಣ್ಣನವರು ಅದರೊಳಗೆ ಕಾಲಿಟ್ಟದ್ದು ಬಾಲಕನಾಗಿ. ಧಾರವಾಡದ ಕಡೆಯ ಮಲ್ಲಿಕಾರ್ಜುನ ಮನಸೂರರೂ (1910–1992) ಬಾಲ್ಯದಲ್ಲಿ ನಾಟಕ ಕಂಪನಿ ಸೇರಿ ಬಣ್ಣ ಹಚ್ಚಿದವರು. ರಂಗದ ಮೇಲೆ ಆ ಹುಡುಗನ ಹಾಡು ಕೇಳಿದ ಮೀರಜದ ನೀಲಕಂಠಬುವಾ ಅವರನ್ನು ಶಿಷ್ಯನಾಗಿ ಸ್ವೀಕರಿಸಿದರು. ನಾಟಕಕ್ಕೆಂದು ಒರೆಗೆ ಹಚ್ಚಿದ ಕಂಠ ಹಿಂದೂಸ್ತಾನಿ ಸಂಗೀತಕ್ಕೆ ದಕ್ಕಿತು.

ಆದರೆ ಎಲ್ಲ ಹುಡುಗರ ಪಾಡೂ ಹೀಗಿರಲಿಲ್ಲ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಗಂಟಲು ಒಡೆದರೆ ಅದುವರೆಗಿನ ಪಾತ್ರ ಕೈಬಿಡುವ ಭಯ. ಸ್ತ್ರೀಪಾತ್ರ ಮಾಡುವವರಿಗಂತೂ ದನಿಯೇ ಜೀವನಾಧಾರ. ಮುಂದೆ ಮಳವಳ್ಳಿ ಸುಂದರಮ್ಮ, ಬಿ. ಜಯಮ್ಮ ಮೊದಲಾದ ನಟಿಯರು ಗುಬ್ಬಿ ಕಂಪನಿಯ ರಂಗವೇರಿದಾಗ ಅವರನ್ನೂ ಜನ ಅಳೆದದ್ದು ಹಾಡಿನಿಂದಲೇ.

1934 ಒಂದು ತಿರುವಿನ ವರ್ಷ. ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳು ರಂಗಕ್ಕಿಳಿದವು. ಅದೇ ವರ್ಷ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ತೆರೆ ಕಂಡಿತು. ಮುಂದಿನ ದಶಕಗಳಲ್ಲಿ ಸಿನಿಮಾದ ಪೈಪೋಟಿಗೆ ಕಂಪನಿಗಳು ಒಂದೊಂದಾಗಿ ಸೊರಗಿದವು. ಆದರೆ ಅವುಗಳ ವಿದ್ಯೆ ಸಾಯಲಿಲ್ಲ. ಕೆಲಸ ಕಳೆದುಕೊಂಡ ನಟರು, ಹಾರ್ಮೋನಿಯಂ ವಾದಕರು ಹಳ್ಳಿಗಳಿಗೆ ಹೋಗಿ ನಾಟಕ ಕಲಿಸುವ ಮೇಷ್ಟ್ರಾದರು. ತುಮಕೂರು, ಮಂಡ್ಯ, ಹಾಸನದ ಕಡೆಯ ರೈತರ ಬಾಯಲ್ಲಿ ಕಂಪನಿ ನಾಟಕದ ಮಟ್ಟುಗಳು ಉಳಿದುಕೊಂಡದ್ದು ಹೀಗೆ.

ಹಳ್ಳಿಗೆ ಬಂದ ಮೇಲೆ ಲೆಕ್ಕ ಮಾತ್ರ ತಿರುಗಾಮುರುಗಾ ಆಯಿತು. ಕಂಪನಿ ನಟನಿಗೆ ಸಂಬಳ ಕೊಡುತ್ತಿತ್ತು. ಇಲ್ಲಿ ನಟನೇ ಹಣ ಕೊಡಬೇಕು. ಕಾರಣ ಸರಳ. ಟಿಕೇಟಿಲ್ಲದ ನಾಟಕಕ್ಕೂ ಖರ್ಚಿದೆ. ತಿಂಗಳುಗಟ್ಟಲೆ ರಾತ್ರಿ ಅಭ್ಯಾಸ ಮಾಡಿಸುವ ಮೇಷ್ಟ್ರ ಸಂಭಾವನೆ, ಬಾಡಿಗೆಗೆ ತರುವ ಸೀನರಿ ಮತ್ತು ಉಡುಪು, ತಬಲಾದವರು, ದೀಪ, ಧ್ವನಿವರ್ಧಕ, ಹೊರಗಿನಿಂದ ಕರೆಸುವ ನಟಿಯರ ಸಂಭಾವನೆ ಎಲ್ಲವೂ ಪಾತ್ರಧಾರಿಗಳ ತಲೆಯ ಮೇಲೆ ಹಂಚಿಕೆಯಾಗುತ್ತವೆ. ಪಾತ್ರ ದೊಡ್ಡದಾದಷ್ಟೂ ಪಾಲು ದೊಡ್ಡದು. ದುರ್ಯೋಧನನಿಗೂ ಕೃಷ್ಣನಿಗೂ ಹೆಚ್ಚು, ದ್ವಾರಪಾಲಕನಿಗೆ ಅಲ್ಪ.

ಹಣ ಕೊಟ್ಟು ಸಿಂಹಾಸನ ಏರುವುದೆಂದರೆ ಕೇಳುವವರಿಗೆ ನಗು ಬರಬಹುದು. ಆದರೆ ವರ್ಷವಿಡೀ ಹೊಲದಲ್ಲಿ ಬಾಗಿ ದುಡಿಯುವವನಿಗೆ ಕಿರೀಟವಿಟ್ಟು ಊರಿನೆದುರು ನೆಟ್ಟಗೆ ನಿಲ್ಲುವ ಒಂದು ರಾತ್ರಿಯ ಬೆಲೆ ಬೇರೆಯೇ. ಊರಲ್ಲಿ ದನಿಯೆತ್ತಿ ಮಾತಾಡಲು ಅವಕಾಶವಿಲ್ಲದ ಕೇರಿಗಳ ಜನ ತಾವೇ ತಂಡ ಕಟ್ಟಿ ದುರ್ಯೋಧನನಾಗಿ ಗರ್ಜಿಸಿದ್ದಾರೆ. ಕಂಪನಿ ಬೇಡವೆನ್ನಬಹುದಾಗಿದ್ದ ಗಂಟಲುಗಳಿಗೂ ಇಲ್ಲಿ ರಂಗ ಸಿಕ್ಕಿತು. ಸ್ವರ ಮೇಲೇರದವನಿಗೆ ಮೇಷ್ಟ್ರು ಒಂದು ಮನೆ ಶ್ರುತಿ ಇಳಿಸುತ್ತಾರೆ, ಉದ್ದದ ಹಾಡನ್ನು ಮೊಟಕು ಮಾಡುತ್ತಾರೆ, ತಾಳ ತಪ್ಪಿದರೆ ತಾವೇ ದನಿಗೂಡಿಸಿ ದಡ ಸೇರಿಸುತ್ತಾರೆ.

ಇದರ ಇನ್ನೊಂದು ಮುಖ ಕಹಿಯಾದದ್ದು. ಇಂಪಾದ ಕಂಠವಿದ್ದೂ ಕೈಯಲ್ಲಿ ಕಾಸಿಲ್ಲದ ಕೂಲಿಯಾಳು ಸಣ್ಣ ಪಾತ್ರಕ್ಕೆ ತೃಪ್ತನಾಗಬೇಕು. ಶ್ರುತಿಯ ಹತ್ತಿರ ಸುಳಿಯದ ಸ್ಥಿತಿವಂತ ಕೃಷ್ಣನಾಗುತ್ತಾನೆ. ಮೇಷ್ಟ್ರಿಗೂ ಇದು ಧರ್ಮಸಂಕಟ. ನಾಟಕ ಕೆಟ್ಟರೆ ಅವರ ಹೆಸರು ಕೆಡುತ್ತದೆ, ಹಣವಂತ ಮುನಿದರೆ ನಾಟಕವೇ ನಿಲ್ಲುತ್ತದೆ. ಒಳ್ಳೆಯ ಹಾಡುಗಾರನ ಪಾಲನ್ನು ಉಳಿದವರು ಹೊತ್ತುಕೊಂಡ ತಂಡಗಳಲ್ಲಿ ಮಾತ್ರ ಈ ಗಂಟು ಸಡಿಲವಾಗುತ್ತದೆ.

ನಗರದ ಹವ್ಯಾಸಿ ರಂಗಭೂಮಿ ಬೇರೊಂದು ದಾರಿ ಹುಡುಕಿತು. ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರು ಎಪ್ಪತ್ತರ ದಶಕದಲ್ಲಿ ಶ್ರೀರಂಗರ ‘ಸತ್ತವರ ನೆರಳು’, ಕಂಬಾರರ ‘ಜೋಕುಮಾರಸ್ವಾಮಿ’ಯಂಥ ನಾಟಕಗಳಲ್ಲಿ ಹಾಡನ್ನು ಮೇಳಕ್ಕೆ ಹಂಚಿದರು. ಹತ್ತು ಸಾಮಾನ್ಯ ಕಂಠಗಳು ಕೂಡಿದರೆ ಒಂದು ಅಸಾಮಾನ್ಯ ದನಿಯಾಗುತ್ತದೆಂದು ಪ್ರೇಕ್ಷಕರಿಗೆ ಮನವರಿಕೆಯಾಯಿತು. ಬ್ಯಾಂಕಿನ ಗುಮಾಸ್ತರೂ ಕಾಲೇಜಿನ ವಿದ್ಯಾರ್ಥಿಗಳೂ ಹಾಡುವ ನಾಟಕಕ್ಕೆ ಬಂದದ್ದು ಈ ಬಾಗಿಲಿನಿಂದ.

ಕಂಪನಿ ಕಂಠವನ್ನು ಆರಿಸಿತು, ಹಳ್ಳಿ ಆಸೆಗೆ ಅವಕಾಶ ಕೊಟ್ಟಿತು, ಮೇಳ ಎಲ್ಲರ ದನಿಯನ್ನೂ ಸೇರಿಸಿಕೊಂಡಿತು. ಮೂರಕ್ಕೂ ಅದರದರ ನ್ಯಾಯವಿದೆ. ಆದರೆ ಹಳ್ಳಿಯ ಅಟ್ಟದ ಮೇಲೆ ಕೃಷ್ಣನ ಹಾಡು ಅಪಸ್ವರವಾದಾಗ ದ್ವಾರಪಾಲಕನ ವೇಷದಲ್ಲಿ ಸುಮ್ಮನೆ ನಿಂತ ನಿಜವಾದ ಹಾಡುಗಾರನಿಗೆ ಯಾವ ನ್ಯಾಯವೂ ದಕ್ಕಿಲ್ಲ. ಪಾತ್ರ ಹಂಚಲು ಕೂರುವ ಪ್ರತಿ ತಂಡವೂ ಮೊದಲು ಹುಡುಕಬೇಕಾದದ್ದು ಅವನನ್ನೇ.