ಕೊಟ್ಟಿಗೆಯ ಜಾವಾ: ಐವತ್ತು ವರ್ಷ ದಾಟಿದ ಗಾಡಿಗೆ ಇವತ್ತಿಗೂ ಸಾಮಾನು ಯಾಕೆ ಸಿಗುತ್ತೆ?

ಈ ಸಲ ಬೆಳೆ ವಿಷಯ ಅಲ್ಲ, ಗಾಡಿ ವಿಷಯ. ಸ್ವಲ್ಪ ಉದ್ದ ಇದೆ, ಡೈರಿಗೆ ಹಾಲು ಹಾಕಿ ಬಂದ್ಮೇಲೆ ನಿಧಾನವಾಗಿ ಓದಿ.

ಮಳೆಗಾಲಕ್ಕೆ ಮುಂಚೆ ಗುಜರಿಯವನೊಬ್ಬ ನಮ್ಮನೆ ಹತ್ರ ಬಂದಿದ್ದ. ಕೊಟ್ಟಿಗೆ ಮೂಲೇಲಿ ಗೋಣಿಚೀಲದ ಕೆಳಗಿದ್ದ ಅಪ್ಪನ ಜಾವಾ ಅವನ ಕಣ್ಣಿಗೆ ಬಿತ್ತು. "ಅಣ್ಣಾ, ಇದನ್ನ ತೂಕಕ್ಕೆ ಹಾಕ್ತೀರಾ?" ಅಂದ. 1971ರ ಗಾಡಿ ಅದು. ಅಪ್ಪ ಹಿಂದೆ ಹಲಗೆ ಕಟ್ಟಿ ಬೀನ್ಸು, ಹೂಕೋಸು ಹೇರ್ಕೊಂಡು ಬಾಗಲಗುಂಟೆಯಿಂದ ಸಿಟಿ ಮಾರ್ಕೆಟ್‌ಗೆ ಬೆಳಗಿನ ಜಾವ ಹೋಗ್ತಿದ್ದಿದ್ದು ಅದರಲ್ಲೇ. ಇಪ್ಪತ್ತು ವರ್ಷದಿಂದ ಸ್ಟಾರ್ಟ್ ಆಗಿರಲಿಲ್ಲ. ಆದ್ರೂ ತೂಕಕ್ಕೆ ಅಂದಿದ್ದು ಯಾಕೋ ಚುಚ್ಚಿತು. ಅವನನ್ನ ಕಳಿಸಿದೆ. ಕಳಿಸಿದ ಮೇಲೆ ಯೋಚನೆ ಬಂತು: ಕಂಪನಿನೇ ಮುಚ್ಚಿಹೋದ ಗಾಡಿಗೆ ಸಾಮಾನು ಎಲ್ಲಿಂದ ತರೋದು?

ಹುಡುಕ್ತಾ ಹೋದ್ಮೇಲೆ ಗೊತ್ತಾಯ್ತು, ಇದರ ಉತ್ತರ ಈ ಗಾಡಿಯ ಚರಿತ್ರೆಯಲ್ಲೇ ಇದೆ ಅಂತ.

ಜಾವಾ ಹುಟ್ಟಿದ್ದು ಜೆಕೊಸ್ಲೊವಾಕಿಯಾದಲ್ಲಿ, 1929ರಲ್ಲಿ. ಬಂದೂಕು ಮಾಡ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ ಅನ್ನೋನು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗ ಕೊಂಡ. ಅವನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಸೇರಿ ಜಾವಾ. ಇಂಡೋನೇಷ್ಯಾದ ದ್ವೀಪಕ್ಕೂ ಇದಕ್ಕೂ ಸಂಬಂಧ ಇಲ್ಲ. ನಾನೂ ಬಹಳ ದಿನ ಹಾಗೇ ಅಂದ್ಕೊಂಡಿದ್ದೆ. ನಮ್ಮ ದೇಶಕ್ಕೆ ಅದನ್ನ ಮುಂಬೈನ ಇರಾನಿ ಮನೆತನದವರು ತರಿಸ್ತಿದ್ರು. ಐವತ್ತರ ದಶಕದಲ್ಲಿ ಸರ್ಕಾರ ಗಾಡಿ ಆಮದು ನಿಲ್ಲಿಸಿತು. ಇಲ್ಲೇ ಮಾಡಿದ್ರೆ ಮಾತ್ರ ಮಾರಬಹುದು ಅನ್ನೋ ಹಾಗಾಯ್ತು. ಆಗ ರುಸ್ತುಂ ಇರಾನಿಯವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆದರು. 1961ರಲ್ಲಿ ಅದನ್ನ ಉದ್ಘಾಟನೆ ಮಾಡಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಮೊದಮೊದಲು ಜೆಕ್ ದೇಶದ ಸಾಮಾನು ತಂದು ಜೋಡಿಸ್ತಿದ್ರು, ಆಮೇಲೆ ಒಂದೊಂದಾಗಿ ಇಲ್ಲೇ ತಯಾರು ಮಾಡೋಕೆ ಶುರು ಮಾಡಿದ್ರು. 1973ರಲ್ಲಿ ಹೆಸರು ಯೆಜ್ಡಿ ಆಯ್ತು. ಅದೇ ವರ್ಷ ನವೆಂಬರ್‌ನಲ್ಲಿ ಮೈಸೂರು ರಾಜ್ಯ ಕರ್ನಾಟಕ ಆಯ್ತು ನೋಡಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಜೆಕ್ ಗಾಡಿ ಆದ್ದರಿಂದ ಇದರ ನಟ್ಟು, ಬೋಲ್ಟು, ಬೇರಿಂಗು, ಸೀಲು ಎಲ್ಲಾ ಮಿಲಿಮೀಟರ್ ಲೆಕ್ಕ. ಅದೇ ಕಾಲದ ಬುಲೆಟ್ ಇಂಗ್ಲೆಂಡಿನ ವಿನ್ಯಾಸ. ಅದರಲ್ಲಿ ಇಂಚಿನ ಲೆಕ್ಕದ, ಬೇರೆ ಬೇರೆ ಜಾತಿಯ ಥ್ರೆಡ್ಡು. ಹಳೇ ಬುಲೆಟ್ ಬಿಚ್ಚೋಕೆ ಬೇರೆ ಸ್ಪ್ಯಾನರ್ ಸೆಟ್ಟೇ ಬೇಕು. ಜಾವಾಕ್ಕೆ ನಮ್ಮ ಪಂಪ್‌ಸೆಟ್, ಟಿಲ್ಲರ್ ಬಿಚ್ಚೋ ಸ್ಪ್ಯಾನರ್ ಸಾಕು. 1956ರಲ್ಲಿ ಮೆಟ್ರಿಕ್ ಕಾಯ್ದೆ ಬಂದು, 1958ರಿಂದ ಹಂತಹಂತವಾಗಿ ಸೇರು ಮಣ ಹೋಗಿ ಕೆ.ಜಿ. ಬಂತಲ್ಲ, ಮೈಸೂರಿನ ಕಾರ್ಖಾನೆ ಶುರುವಾಗಿದ್ದು ಸರಿಯಾಗಿ ಆ ಹೊತ್ತಿಗೆ. ದೇಶ ಯಾವ ಅಳತೆಗೆ ಹೋಗ್ತಿತ್ತೋ ಈ ಗಾಡಿ ಮೊದಲಿಂದ ಅದೇ ಅಳತೆಯಲ್ಲಿತ್ತು. (ನಾವು ಮಾತ್ರ ಇನ್ನೂ ಎಂಟನೇ ಮೈಲಿ ಸ್ಟಾಪ್‌ನಲ್ಲೇ ಬಸ್ ಇಳೀತೀವಿ.)

ಎರಡನೇದು, ಎಂಜಿನ್ ಸರಳ. 65 ಮಿ.ಮೀ. ಬೋರು, 75 ಮಿ.ಮೀ. ಸ್ಟ್ರೋಕು, ಸುಮಾರು 250 ಸಿ.ಸಿ.ಯ ಟೂ ಸ್ಟ್ರೋಕ್. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ನೀವು ಔಷಧಿ ಹೊಡೆಯೋ ಪವರ್ ಸ್ಪ್ರೇಯರ್ ಬಿಚ್ಚಿದ್ರೆ ಇದನ್ನೂ ಬಿಚ್ಚಬಹುದು. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಗೇರ್ ಕಡ್ಡಿನೇ ಕಿಕ್ಕರ್ ಕೂಡ: ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದ್ರೆ ಒದೆಯೋಕೆ ರೆಡಿ. ಹೊಸಬರು ಇದನ್ನ ನೋಡಿ ಕಿಕ್ಕರ್ ಯಾರೋ ಕದ್ದಿದ್ದಾರೆ ಅಂತಾರೆ.

ಇನ್ನು ಕಂಪನಿ ಕತೆ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಪೆಟ್ರೋಲಿಗೆ ಆಯಿಲ್ ಬೆರೆಸೋ ರಗಳೆ ಇಲ್ಲ, ಹೊಗೆ ಇಲ್ಲ, ಮೈಲೇಜು ಎರಡರಷ್ಟು. ಹೊಗೆ ನಿಯಮ 1991ರಲ್ಲಿ ಬಂದು 1996ರಲ್ಲಿ ಬಿಗಿಯಾಯ್ತು. ಕಾರ್ಮಿಕರ ತಕರಾರು ಬೇರೆ. 1996ರಲ್ಲಿ ಯಾದವಗಿರಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಮಹೀಂದ್ರಾ ಪಾಲುದಾರಿಕೆಯ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರನ್ನ ವಾಪಸ್ ತಂದಿತು, 2022ರಲ್ಲಿ ಯೆಜ್ಡಿ ಹೆಸರನ್ನೂ. ಆದ್ರೆ ಅವು ನೀರಿನಿಂದ ತಣ್ಣಗಾಗೋ ಫೋರ್ ಸ್ಟ್ರೋಕ್ ಗಾಡಿಗಳು. ಟ್ಯಾಂಕಿನ ಆಕಾರ ನೋಡಿ ಮೋಸ ಹೋಗಬೇಡಿ, ಅವುಗಳ ಎಂಜಿನ್ ಸಾಮಾನು ನಮ್ಮ ಹಳೇದಕ್ಕೆ ಆಗಲ್ಲ.

ಹಾಗಾದ್ರೆ ಸಾಮಾನು ಎಲ್ಲಿಂದ? ನಾನು ಮೊದಲು ಹೋಗಿದ್ದು ಜೆ.ಸಿ. ರಸ್ತೆಗೆ, ಆಮೇಲೆ ಶಿವಾಜಿನಗರದ ಗುಜರಿಗೆ. ಹಳೇ ಕ್ಲಚ್ ಪ್ಲೇಟು, ಹೆಡ್‌ಲೈಟ್ ರಿಂಗು, ಫುಟ್‌ರೆಸ್ಟ್ ಸಿಕ್ಕವು. ಗುಜರಿಯಲ್ಲಿ ಒಂದು ಬುದ್ಧಿ ಕಲಿತೆ: ಮುರಿದಿದ್ರೂ ಹಳೇ ಸಾಮಾನು ಕೈಯಲ್ಲಿ ಇಟ್ಕೊಂಡೇ ಹೋಗಬೇಕು. ಬಾಯಲ್ಲಿ ಹೇಳಿದ್ರೆ ಯೆಜ್ಡಿಯದ್ದು ಕೊಟ್ಟು "ಎಲ್ಲಾ ಒಂದೇ ಸಾರ್" ಅಂತಾರೆ. ಎಷ್ಟೋ ಸಾಮಾನು ಒಂದೇ, ನಿಜ. ಎಲ್ಲಾ ಅಲ್ಲ.

ನಂಗೆ ಪೆಟ್ಟು ಬಿದ್ದಿದ್ದು ಆಯಿಲ್ ಸೀಲ್‌ನಲ್ಲಿ. ಒಂದು ಅಂಗಡೀಲಿ ಹೊಸ ಪ್ಯಾಕೆಟ್ಟು, ಕಡಿಮೆ ಬೆಲೆ ಅಂತ ತಂದು ಹಾಕಿಸ್ದೆ. ಗಾಡಿ ಸ್ಟಾರ್ಟ್ ಆಯ್ತು, ಮನೆಯವರೆಲ್ಲ ಹೊರಗೆ ಬಂದು ನೋಡಿದ್ರು, ನಮ್ಮಮ್ಮ ಕಣ್ಣೊರೆಸಿಕೊಂಡ್ರು. ಹತ್ತೇ ದಿನ. ಆಮೇಲೆ ಇಟ್ಟಿಗೆ ಗೂಡಿನ ಹಾಗೆ ಹೊಗೆ. ಪೆಟ್ರೋಲಿಗೆ ಆಯಿಲ್ ಜಾಸ್ತಿ ಹಾಕಿದೀನಿ ಅಂತ ನಾನೇ ನನ್ನ ಬೈಕೊಂಡೆ. ಆಯಿಲ್ ಕಮ್ಮಿ ಮಾಡ್ದೆ, ಪಿಸ್ಟನ್ ಹಿಡ್ಕೊಂಡ್ತು. ಬಿಚ್ಚಿದಾಗ ಗೊತ್ತಾಯ್ತು, ಕ್ರ್ಯಾಂಕಿನ ಎಡಗಡೆ ಸೀಲ್ ತುಟಿ ಗಟ್ಟಿಯಾಗಿ ಸೀಳಿತ್ತು. ಅಲ್ಲಿಂದ ಕ್ಲಚ್ ಕಡೆ ಆಯಿಲ್ಲನ್ನ ಎಂಜಿನ್ನು ಹೀರ್ಕೊಂಡು ಸುಡ್ತಿತ್ತು. ಯಾರದ್ದಾದ್ರೂ ಜಾವಾ ಹೀಗೆ ಹೊಗೆ ಬಿಟ್ರೆ, ಗೇರ್‌ಬಾಕ್ಸ್ ಆಯಿಲ್ ಮಟ್ಟ ಮೊದಲು ನೋಡಿ. ಅದು ಕಮ್ಮಿ ಆಗ್ತಿದ್ರೆ ಸೀಲೇ ಕಾರಣ.

ಎರಡನೇ ಸಲ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಲೇ ಇಲ್ಲ. ಸೀಲಿನ ಒಳ ಅಳತೆ, ಹೊರ ಅಳತೆ, ದಪ್ಪ ವರ್ನಿಯರ್‌ನಲ್ಲಿ ಹಿಡಿದು ಚೀಟೀಲಿ ಬರ್ಕೊಂಡು ಪೀಣ್ಯದ ಬೇರಿಂಗ್ ಅಂಗಡಿಗೆ ಹೋದೆ. ಗಾಡಿ ಹೆಸರು ಹೇಳಲೇ ಇಲ್ಲ. ಒಳ್ಳೇ ಕಂಪನಿಯ ಸೀಲು ಕೊಟ್ರು. ಬೇರಿಂಗ್ ಮೇಲಂತೂ ನಂಬರ್ ಕೊರೆದಿರುತ್ತೆ, ಆ ನಂಬರ್ ಪ್ರಪಂಚದಲ್ಲಿ ಎಲ್ಲಿ ಹೋದ್ರೂ ಒಂದೇ. ಗಾಡಿಯ ಕಂಪನಿ ಸತ್ತ್ರೂ ಅಳತೆ ಸಾಯಲ್ಲ.

ಪಿಸ್ಟನ್ ಹಿಡಿದಿದ್ರಿಂದ ಬೋರ್ ಗೀರಿತ್ತು. ಸಿಲಿಂಡರ್ ಕೊರೆಸಿ, ಅದಕ್ಕೆ ಸರಿಯಾದ ಓವರ್‌ಸೈಜ್ ಪಿಸ್ಟನ್ ಹಾಕಿಸ್ದೆ. ಪಿಸ್ಟನ್‌ಗಳು ಕಾಲು ಮಿ.ಮೀ. ಲೆಕ್ಕದಲ್ಲಿ ಒಂದೊಂದೇ ಮೆಟ್ಟಿಲು ದೊಡ್ಡದಾಗ್ತಾ ಹೋಗುತ್ತವೆ. ಆದ್ರಿಂದ ಕೊರೆಸೋ ಮುಂಚೆ ಪಿಸ್ಟನ್ ಕೈಯಲ್ಲಿರಬೇಕು. ಕೊರೆಸಿ ಆಮೇಲೆ ಹುಡುಕಿದ್ರೆ ಕತೆ ಮುಗೀತು. ಕಿಕ್ಕರ್ ಶಾಫ್ಟಿನ ಬುಷ್ ಎಲ್ಲೂ ಸಿಗಲಿಲ್ಲ. ಪೀಣ್ಯದಲ್ಲೇ ಒಬ್ಬ ಲೇತ್ ಅಣ್ಣ ಹಳೇದರ ಅಳತೆ ತಗೊಂಡು, ಗನ್‌ಮೆಟಲ್ ಕಡ್ಡಿಯಿಂದ ಟೀ ಕುಡಿಯೋ ಹೊತ್ತಲ್ಲಿ ಕಡೆದು ಕೊಟ್ರು. ಅವರ ಲೇತೂ ಹಳೇ ಎಚ್ಎಂಟಿ. 1953ರಲ್ಲಿ ಜಾಲಹಳ್ಳಿಯಲ್ಲಿ ಹುಟ್ಟಿದ ಕಂಪನಿಯ ಲೇತಲ್ಲಿ ಮೈಸೂರಿನ ಗಾಡಿಗೆ ಬುಷ್. ನಮ್ಮ ಸುತ್ತಮುತ್ತಲ ಹೊಲ ಹೋಗಿ ಶೆಡ್ಡುಗಳು ಬಂದಿದ್ದಕ್ಕೆ ನಂಗೆ ಬೇಜಾರು ಇದ್ದೇ ಇದೆ. ಆದ್ರೆ ಆ ಶೆಡ್ಡುಗಳು ಇಲ್ದಿದ್ರೆ ಈ ಗಾಡಿ ಗುಜರಿಗೇ ಹೋಗ್ತಿತ್ತು, ಅದನ್ನೂ ಒಪ್ಪಬೇಕು.

ಒಂದು ಎಚ್ಚರಿಕೆ. ಎಂಜಿನ್ ಕೇಸ್ ಒಡೆದಿದೆ, ಬೇರೆ ಹಾಕ್ತೀನಿ ಅಂತ ಮೆಕ್ಯಾನಿಕ್ ಹೇಳಿದ್ರೆ ಬೇಡ ಅನ್ನಿ, ಬೆಸುಗೆ ಹಾಕಿಸಿ. ಎಂಜಿನ್ ನಂಬರ್ ಇರೋದು ಆ ಕೇಸಿನ ಮೇಲೆ. ಆರ್‌ಸಿಯಲ್ಲಿ ಇರೋ ಎಂಜಿನ್ ನಂಬರ್, ಚಾಸಿ ನಂಬರ್ ಎರಡೂ ಗಾಡಿ ಮೇಲಿನ ನಂಬರಿಗೆ ಕೂಡಬೇಕು. ಆರ್‌ಸಿ ತೀರಿಹೋದ ಅಪ್ಪನ ಹೆಸರಲ್ಲಿದ್ರೆ ಫಾರಂ 31 ಹಾಕಿ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ. ಖರ್ಚು ಮಾಡೋಕೆ ಮುಂಚೆ ಮಾಡಬೇಕಾದ ಕೆಲಸ ಇದು.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿ ನಿಯಮ ತಂದಿದೆ. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ಗಾಡಿಗೆ ಅದು ಅನ್ವಯ. ಹೊಸದಾಗಿ ನೋಂದಾಯಿಸೋಕೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಹಾಗೆ ಮಾಡಿಸಿದ್ರೆ ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸೋಕೆ ಮಾತ್ರ ರಸ್ತೆಗೆ ಇಳಿಸಬಹುದು. ದಿನಾ ಓಡಿಸೋ ಹಾಗಿಲ್ಲ, ವ್ಯಾಪಾರಕ್ಕೆ ಬಳಸೋ ಹಾಗಿಲ್ಲ. ಸ್ನೇಹಿತರು ಅದನ್ನೇ ಮಾಡಿಸು, ಮರ್ಯಾದೆ ಇರುತ್ತೆ ಅಂದ್ರು. ನಾನು ಮಾಡಿಸಲಿಲ್ಲ. ಐದೈದು ವರ್ಷಕ್ಕೆ ಮಾಮೂಲಿ ನವೀಕರಣ ಮಾಡಿಸ್ಕೊಂಡು ಅಪ್ಪನ ಕಾಲದ ನಂಬರಲ್ಲೇ ಓಡಿಸ್ತೀನಿ. ಟ್ಯಾಂಕಿಗೆ ಹೊಸ ಕ್ರೋಮ್ ಕೂಡ ಹಾಕಿಸಲಿಲ್ಲ. ಹಿಂದಿನ ಮಡ್‌ಗಾರ್ಡ್ ಮೇಲೆ ಹಗ್ಗ ಉಜ್ಜಿ ಬಣ್ಣ ಹೋಗಿರೋ ಜಾಗ ಹಾಗೇ ಇದೆ. ಜುಲೈ ಎರಡನೇ ಭಾನುವಾರ ಬೆಂಗಳೂರಲ್ಲಿ ಜಾವಾ-ಯೆಜ್ಡಿಯವರೆಲ್ಲ ಸೇರ್ತಾರೆ, ಅಲ್ಲಿ ಹೊಳೆಯೋ ಗಾಡಿಗಳು ಬೇಕಾದಷ್ಟಿರುತ್ತವೆ.

ಈಗ ಬಾಕಿ ಇರೋದು ಸ್ಪೀಡೋಮೀಟರ್ ಮತ್ತು ಬಲಗಡೆ ಟೂಲ್ ಬಾಕ್ಸಿನ ಮುಚ್ಚಳ. ಸೋಲದೇವನಹಳ್ಳಿ, ಚಿಕ್ಕಬಾಣಾವರ, ಹೆಸರಘಟ್ಟ ಕಡೆ ಯಾರ ಕೊಟ್ಟಿಗೇಲಾದ್ರೂ ಇದ್ರೆ ತಿಳಿಸಿ. ನನ್ನ ಹತ್ರ ಒಂದು ಯಿಕೋವ್ ಕಾರ್ಬುರೇಟರ್ ಜಾಸ್ತಿ ಇದೆ, ಬದಲಿಗೆ ಅದನ್ನ ಕೊಡ್ತೀನಿ.