ಹುಲ್ಲಿನ ಯಂತ್ರ ಮತ್ತು ಉಮ್ಮನ ತರಕಾರಿ ಸಾಲು

ಡಿಸೆಂಬರ್ ಬಂತೆಂದರೆ ಉಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಹಾರೆ, ಪಿಕ್ಕಾಸು, ಬುಟ್ಟಿಗಳಿಗೆ ಗಿರಾಕಿ ಜಾಸ್ತಿ. ನಮ್ಮ ಕಡೆ ತರಕಾರಿ ನೆಡುವ ಸಮಯ ಅದು. ಕಳೆದ ಡಿಸೆಂಬರಿನಲ್ಲಿ ಮೊದಲ ಸಲ ಒಬ್ಬರು ಹುಲ್ಲು ಕತ್ತರಿಸುವ ಕೈಯಂತ್ರ ಕೇಳಿದರು, ತರಿಸಿಕೊಟ್ಟೆ. ಅದೇ ವಾರ ದುಬೈಯಿಂದ ತಮ್ಮ ಫೋನ್ ಮಾಡಿ, ಕುಂಬಳೆಯ ಹೊಸ ಮನೆಯ ಮುಂದೆ ಲಾನ್ ಹಾಕಿಸು ಎಂದ. ಆ ಜಾಗದಲ್ಲಿ ಉಮ್ಮ ಆಗಲೇ ಅಲಸಂಡೆಗೆ ಸಾಲು ತೆಗೆದಿದ್ದರು.

ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಹಾಗಾಗಿ ಮೊದಲು ಯಂತ್ರದ ಹಿಂದೆ ಬಿದ್ದೆ.

ಅದರ ಕಥೆ ಶುರುವಾಗುವುದು ತೋಟದಲ್ಲಲ್ಲ, ಬಟ್ಟೆ ಮಿಲ್ಲಿನಲ್ಲಿ. ಇಂಗ್ಲೆಂಡಿನ ಸ್ಟ್ರೌಡ್ ಉಣ್ಣೆ ಬಟ್ಟೆಗೆ ಹೆಸರಾದ ಊರು. ನೇಯ್ದ ಬಟ್ಟೆಯ ಮೇಲೆ ಎದ್ದು ನಿಂತ ಎಳೆಗಳನ್ನು ಸಮನಾಗಿ ಕತ್ತರಿಸಲು ಅಲ್ಲಿ ಸುರುಳಿ ಬ್ಲೇಡಿನ ಯಂತ್ರಗಳಿದ್ದವು. ಎಡ್ವಿನ್ ಬಡ್ಡಿಂಗ್ ಎಂಬ ಮೆಕ್ಯಾನಿಕ್, ಬಟ್ಟೆಯ ಬದಲು ಹುಲ್ಲಿಗೆ ಇದನ್ನೇ ಯಾಕೆ ಬಳಸಬಾರದು ಎಂದು ಯೋಚಿಸಿದ. 1830ರ ಆಗಸ್ಟ್ 31ರಂದು ಪೇಟೆಂಟ್ ಸಿಕ್ಕಿತು. ಹಿಂದಿನ ರೋಲರ್ ಉರುಳಿದರೆ ಹಲ್ಲುಚಕ್ರಗಳ ಮೂಲಕ ಬ್ಲೇಡಿನ ಸಿಲಿಂಡರ್ ತಿರುಗುತ್ತಿತ್ತು. ನಾನು ತರಿಸಿದ ಯಂತ್ರದಲ್ಲೂ ಮೂಲ ತತ್ವ ಅದೇ.

ಅದಕ್ಕೂ ಮೊದಲು ಲಾನ್ ಎಂದರೆ ದೊಡ್ಡ ಜಮೀನ್ದಾರರ ಆಸ್ತಿ. ಉದ್ದ ಹಿಡಿಯ ಕತ್ತಿ ಬೀಸುವ ಆಳುಗಳು ಬೇಕು, ಇಲ್ಲವೇ ಮೇಯಲು ಕುರಿ ಹಿಂಡು ಬೇಕು. ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಮೃಗಾಲಯದಲ್ಲಿ ಬಡ್ಡಿಂಗನ ಯಂತ್ರ ಬಳಸಿದ ಮೇಲ್ವಿಚಾರಕ, ಇಬ್ಬರು ಇದನ್ನು ಹಿಡಿದರೆ ಆರೆಂಟು ಜನರ ಕೆಲಸ ಆಗುತ್ತದೆ ಎಂದಿದ್ದ. 1832ರಿಂದ ಇಪ್ಸ್‌ವಿಚ್ಚಿನ ರ‍್ಯಾನ್ಸಮ್ಸ್ ಕಂಪನಿಯೂ ಇದನ್ನು ತಯಾರಿಸತೊಡಗಿತು. ಮುಂದೆ ಯಂತ್ರ ಹಗುರವಾಗಿ, ಅಗ್ಗವಾಗಿ, ಸಾಧಾರಣ ಮನೆಗಳ ಮುಂದೂ ಲಾನ್ ಬಂತು.

ಆದರೆ ಆ ಹುಲ್ಲನ್ನು ಬೆಳೆಸಿದ್ದು ಯಂತ್ರವಲ್ಲ, ಅಲ್ಲಿಯ ಮಳೆ. ಇಂಗ್ಲೆಂಡಿನಲ್ಲಿ ವರ್ಷದ ಎಲ್ಲ ತಿಂಗಳೂ ಅಷ್ಟಿಷ್ಟು ಮಳೆ ಬೀಳುತ್ತದೆ. ಅವರಿಗೆ ವಸಂತವೆಂದರೆ ಹುಲ್ಲು ಚಿಗುರುವ ಕಾಲ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬಂದರೂ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ನಮಗೆ ವಸಂತವೆಂದರೆ ಬಾವಿ ತಳ ಕಾಣುವ ಕಾಲ. ಹಿರಿಯರು ಗುಡ್ಡೆಯ ಮುರಕಲ್ಲಿನೊಳಗೆ ಮನುಷ್ಯ ನುಗ್ಗುವಷ್ಟೇ ಅಗಲಕ್ಕೆ ಸುರಂಗ ಕೊರೆದು ನೀರು ಹುಡುಕಿದ್ದು, ತೋಡುಗಳಿಗೆ ಕಲ್ಲು ಮಣ್ಣಿನ ಕಟ್ಟ ಹಾಕಿದ್ದು ಇದೇ ಕಾರಣಕ್ಕೆ.

ಲೆಕ್ಕ ಹಾಕಿದೆ. ತಮ್ಮ ಹೇಳಿದ ಜಾಗ ಎರಡೂವರೆ ಸೆಂಟ್ಸ್, ಸುಮಾರು 100 ಚದರ ಮೀಟರ್. ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ 5 ಲೀಟರ್ ಎಂದರೂ 500 ಲೀಟರ್ ನೀರು. ಮಳೆ ಹಿಡಿಯುವವರೆಗೂ ನಿಲ್ಲಿಸುವ ಹಾಗಿಲ್ಲ.

ಉಮ್ಮನ ರೀತಿ ಬೇರೆ. ಸುಡುಮಣ್ಣು, ಬೂದಿ, ಹಟ್ಟಿಗೊಬ್ಬರ ಬೆರೆಸಿ ಗುಳಿ ತುಂಬುತ್ತಾರೆ. ಬುಡಕ್ಕೆ ಮಾತ್ರ ಚೆಂಬಿನಲ್ಲಿ ನೀರು, ಮೇಲೆ ತರಗೆಲೆಯ ಹೊದಿಕೆ. ಬಿಸು ಹೊತ್ತಿಗೆ ಬೆಳೆ ಮುಗಿಯುತ್ತದೆ. ಬಾವಿ ತೀರಾ ಇಳಿಯುವ ಮೇ ತಿಂಗಳಲ್ಲಿ ಅಲ್ಲಿ ನೀರು ಕೇಳುವವರೇ ಇಲ್ಲ. ಈ ಲೆಕ್ಕವನ್ನು ಅವರಿಗೆ ಯಾರೂ ಕಾಲೇಜಿನಲ್ಲಿ ಕಲಿಸಿಲ್ಲ. ಲಾನಿನ ಮಾತು ಎತ್ತಿದಾಗ ಅವರು ಕೇಳಿದ್ದು ಒಂದೇ: “ಮೋನೇ, ಆ ಹುಲ್ಲು ತಿನ್ನಲು ದನ ಯಾವಾಗ ತರುತ್ತಾನೆ?”

ತಮ್ಮನಿಗೆ ಎಲ್ಲವನ್ನೂ ಬರೆದು ಕಳಿಸಿದೆ. ಎರಡು ದಿನ ಮಾತಿಲ್ಲ. ಅವನ ಬೇಸರ ನನಗೆ ಅರ್ಥವಾಗುತ್ತದೆ. ಮರಳುಗಾಡಿನಲ್ಲಿ ದುಡಿಯುವವನಿಗೆ ಊರಿನ ಮನೆಯೆದುರು ಹಸುರು ಬೇಕೆನಿಸುವುದು ತಪ್ಪಲ್ಲ. ಕೊನೆಗೆ ಜೂನಿನಲ್ಲಿ ಜಗಲಿಯ ಪಕ್ಕ ಒಂದು ಚಾಪೆಯಷ್ಟು ಹುಲ್ಲು ಹಾಕು, ಸಾಕು ಎಂದ. ಅದಕ್ಕೆ ಯಂತ್ರ ಬೇಡ, ಅಂಗಡಿಯ ಕತ್ತಿಯೇ ಸಾಕು.

ಈ ಸಲ ಬಿಸು ಕಣಿಗೆ ನೆರೆಮನೆಯವರು ಇಟ್ಟದ್ದು ಉಮ್ಮ ಬೆಳೆದ ಸೌತೆಕಾಯಿ. ಅದರ ಫೋಟೋ ತೆಗೆದು ತಮ್ಮನಿಗೆ ಕಳಿಸಿದ್ದೇನೆ.