ಕನ್ನಡಿ ಸರಿದ ಮೇಲೆ

ಕ್ಯಾಮೆರಾದ ಚರಿತ್ರೆಯನ್ನು ಸಾಮಾನ್ಯವಾಗಿ ತಯಾರಕರ ಏಳುಬೀಳುಗಳ ಕಥೆಯಾಗಿ ಬರೆಯುತ್ತಾರೆ. ಅದನ್ನು ಒಂದು ಅಂತರದ ಕಥೆಯಾಗಿಯೂ ಬರೆಯಬಹುದು. ಲೆನ್ಸನ್ನು ಕೂರಿಸುವ ಲೋಹದ ಬಳೆಗೂ ಅದರ ಹಿಂದಿನ ಫಿಲ್ಮಿಗೂ ನಡುವಿನ ಕೆಲವೇ ಮಿಲಿಮೀಟರುಗಳು ಒಂದು ತಲೆಮಾರಿನ ಲೆನ್ಸುಗಳ ಬಾಳನ್ನೂ ಮರುಬಾಳನ್ನೂ ನಿರ್ಧರಿಸಿದವು.

ಜರ್ಮನಿಯ ವೆಟ್ಜ್ಲರ್ ಪಟ್ಟಣದ ಲೈಟ್ಸ್ ಸಂಸ್ಥೆಯಲ್ಲಿ ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ 1925ರಲ್ಲಿ ಮಾರುಕಟ್ಟೆಗೆ ಬಂದಿತು. ಸಿನಿಮಾದ 35 ಮಿ.ಮೀ. ಫಿಲ್ಮನ್ನು ಸ್ಥಿರಚಿತ್ರಕ್ಕೆ ಬಳಸಿದ ಪುಟ್ಟ ಯಂತ್ರವದು. 1932ರಲ್ಲಿ ಅದಕ್ಕೆ ಲೆನ್ಸಿನೊಡನೆ ಜೋಡಿಸಿದ ರೇಂಜ್‌ಫೈಂಡರ್ ಸೇರಿತು. ಛಾಯಾಗ್ರಾಹಕ ನೋಡುವುದು ಲೆನ್ಸಿನ ಮೂಲಕವಲ್ಲ, ಬೇರೊಂದು ಕಿಟಕಿಯ ಮೂಲಕ. ಅಲ್ಲಿ ಕಾಣುವ ಎರಡು ಬಿಂಬಗಳು ಒಂದಾದರೆ ಫೋಕಸ್ ಕೂಡಿತೆಂದು ಅರ್ಥ. ಲೆನ್ಸಿನ ಹಿಂದೆ ಶಟರಿನ ಹೊರತು ಬೇರೇನೂ ಇಲ್ಲದ್ದರಿಂದ ಬಳೆಗೂ ಫಿಲ್ಮಿಗೂ 28.8 ಮಿ.ಮೀ. ಅಂತರ ಸಾಕಾಯಿತು. 1954ರ ಎಂ3 ಮಾದರಿಯಲ್ಲಿ ಅದು 27.8ಕ್ಕೆ ಇಳಿಯಿತು. 1948ರ ಜನವರಿಯಲ್ಲಿ ದೆಹಲಿಯಲ್ಲಿ ಗಾಂಧೀಜಿಯ ಕೊನೆಯ ದಿನಗಳನ್ನೂ ಅಂತಿಮಯಾತ್ರೆಯನ್ನೂ ಆನ್ರಿ ಕಾರ್ತಿಯೇ-ಬ್ರೆಸ್ಸೋ ಸೆರೆಹಿಡಿದದ್ದು ಲೈಕಾದಲ್ಲಿಯೇ.

ಯುದ್ಧ ಮುಗಿದ ಮೇಲೆ ಈ ಲೆನ್ಸುಗಳ ವಂಶ ಗಡಿ ದಾಟಿತು. ಝೈಸ್‌ಗಾಗಿ ಲುಡ್ವಿಗ್ ಬೆರ್ಟೆಲೆ ರಚಿಸಿದ್ದ ಸೊನ್ನಾರ್ ವಿನ್ಯಾಸವು ಯುದ್ಧ ಪರಿಹಾರದ ಭಾಗವಾಗಿ ಸೋವಿಯತ್ ಒಕ್ಕೂಟವನ್ನು ಸೇರಿ, ಲೈಕಾದ ತಿರುಪಿಗೆ ಹೊಂದುವ ಜುಪಿಟರ್-8 ಆಗಿ ಹೊರಬಂದಿತು. ಸೋತ ದೇಶದ ಗಣಿತವನ್ನು ಗೆದ್ದ ದೇಶದ ಕಾರ್ಖಾನೆ ಗಾಜಿನಲ್ಲಿ ಕಡೆಯಿತು.

1959ರಲ್ಲಿ ನಿಕಾನ್ ಎಫ್ ಬಂದಿತು. ಲೆನ್ಸಿನ ಮೂಲಕವೇ ನೋಡುವ ಈ ಬಗೆಯ ಕ್ಯಾಮೆರಾದಲ್ಲಿ ಬಿಂಬವನ್ನು ಮೇಲಕ್ಕೆ ತಿರುಗಿಸಲು ಕನ್ನಡಿಯೊಂದು ಬೇಕು, ಕನ್ನಡಿ ಏಳಲು ಜಾಗ ಬೇಕು. ಅಂತರ 46.5 ಮಿ.ಮೀ.ಗೆ ಬೆಳೆಯಿತು. ಅಷ್ಟು ದೂರದಲ್ಲಿ ಕೂತ ರೇಂಜ್‌ಫೈಂಡರ್ ಲೆನ್ಸಿಗೆ ದೂರದ ಬೆಟ್ಟ ಎಂದೂ ಸ್ಪಷ್ಟವಾಗದು. ಲೈಕಾ ತನ್ನ ದಾರಿಯನ್ನು ಬಿಡಲಿಲ್ಲವಾದರೂ, ಲೋಕದ ಬಹುಪಾಲು ಕ್ಯಾಮೆರಾಗಳಿಗೆ ಈ ಲೆನ್ಸುಗಳು ಪರಕೀಯವಾದವು.

ಬಾಗಿಲು ಮತ್ತೆ ತೆರೆದದ್ದು 2013ರಲ್ಲಿ. ಸೋನಿಯ ಎ7 ಕನ್ನಡಿಯಿಲ್ಲದ ಫುಲ್‌ಫ್ರೇಮ್ ಕ್ಯಾಮೆರಾ. ಅದರ ಅಂತರ 18 ಮಿ.ಮೀ. 27.8ರಲ್ಲಿ 18 ಕಳೆದರೆ ಉಳಿಯುವುದು 9.8. ಅಷ್ಟು ದಪ್ಪದ, ಗಾಜಿಲ್ಲದ ಲೋಹದ ಬಳೆಯೊಂದು ಅರವತ್ತು ವರ್ಷಗಳಿಗೆ ಸೇತುವೆಯಾಯಿತು. 2018ರಲ್ಲಿ ಬಂದ ನಿಕಾನ್ ಝಡ್ 16, ಕ್ಯಾನನ್ ಆರ್‌ಎಫ್ 20 ಮಿ.ಮೀ. ಅಂತರದೊಡನೆ ಅದೇ ದಾರಿ ಹಿಡಿದವು.

ಆದರೆ ಈ ಪುನರಾಗಮನ ಅಖಂಡವಲ್ಲ. ಫಿಲ್ಮ್ ಓರೆಯಾಗಿ ಬಂದ ಬೆಳಕನ್ನೂ ಸ್ವೀಕರಿಸುತ್ತಿತ್ತು. ಸೆನ್ಸರ್ ಪುಟ್ಟ ಬಾವಿಗಳ ಸಾಲಿನಂತೆ. ನೇರ ಬಂದದ್ದು ತಳ ಮುಟ್ಟುತ್ತದೆ, ಓರೆಯಾದದ್ದು ಗೋಡೆಗೆ ಬಡಿಯುತ್ತದೆ. ಮೇಲೆ ಹೊದಿಸಿದ ರಕ್ಷಣಾ ಗಾಜು ಓರೆ ಕಿರಣಗಳನ್ನು ಇನ್ನಷ್ಟು ಕದಡುತ್ತದೆ. ಆದ್ದರಿಂದಲೇ 50 ಮಿ.ಮೀ. ಲೆನ್ಸುಗಳು ಬಹುಮಟ್ಟಿಗೆ ನೆಮ್ಮದಿಯಿಂದಿದ್ದರೆ, ಫಿಲ್ಮಿನ ಸಮೀಪಕ್ಕೆ ಚಾಚಿಕೊಂಡ ಅನೇಕ ವಿಶಾಲಕೋನದ ಲೆನ್ಸುಗಳ ಚಿತ್ರದ ಅಂಚುಗಳು ಮಸುಕಾಗುತ್ತವೆ, ಕೆಲವೊಮ್ಮೆ ಕೆನ್ನೇರಳೆಗೆ ತಿರುಗುತ್ತವೆ. ಗಾಜನ್ನು ತೆಳುಗೊಳಿಸುವುದೂ ಸುಲಭವಲ್ಲ: 2006ರ ಲೈಕಾ ಎಂ8ರಲ್ಲಿ ಹಾಗೆ ಮಾಡಿದಾಗ ಅವಕೆಂಪು ಕಿರಣ ನುಸುಳಿ ಕಪ್ಪು ಬಟ್ಟೆ ನೇರಳೆಯಾಗಿ ಕಂಡಿತು.

ಹಳೆಯ ಲೆನ್ಸಿನ 'ಗುಣ'ವೆಂದು ನಾವು ಮೆಚ್ಚುವ ಮಸುಕು ಎಲ್ಲ ವೇಳೆಯೂ ಅದರದ್ದಲ್ಲ ಎಂಬುದು ಇಲ್ಲಿಯ ಪಾಠ. ಬೆರ್ಟೆಲೆಯ ಕಾಲದವರು ಕಂಡ ಚಿತ್ರ ಲೆನ್ಸ್ ಮತ್ತು ಫಿಲ್ಮ್ ಕೂಡಿ ಮೂಡಿಸಿದ್ದು. ಅದರಲ್ಲಿ ಒಂದರ್ಧ ಮಾತ್ರ ನಮ್ಮ ಕೈಗೆ ಬಂದಿದೆ. ಇನ್ನರ್ಧ ನಮ್ಮ ಕಾಲದ್ದು. ಲೆನ್ಸಿನ ಹಿಂಬದಿಯಲ್ಲಿ ರೇಂಜ್‌ಫೈಂಡರಿಗೆ ದೂರವನ್ನು ತಿಳಿಸಲೆಂದು ಮಾಡಿದ ಲೋಹದ ಅಂಚು, ಫೋಕಸ್ ತಿರುಗಿಸಿದಾಗಲೆಲ್ಲ ಇಂದಿಗೂ ಆ ಬಳೆಯೊಳಗೆ ಮುಂದಕ್ಕೂ ಹಿಂದಕ್ಕೂ ಚಲಿಸುತ್ತದೆ. ಅದಕ್ಕೆ ತಾಗುವಂಥದ್ದು ಮಾತ್ರ ಅಲ್ಲಿ ಏನೂ ಇಲ್ಲ.